ಅರೆಮನಸ್ಸಿನ ಮತ: ಅಮೇರಿಕದ ಬಂದೂಕುದಾರರ ಲೆಕ್ಕಾಚಾರ



ಕಣದಲ್ಲಿರುವ ಅಭ್ಯರ್ಥಿ ನಮಗೆ ಒಪ್ಪಿಗೆಯಾಗಿಲ್ಲ. ಆದರೆ ಆತನ ಎದುರಾಳಿ ಇನ್ನಷ್ಟು ಅಪಾಯಕಾರಿಯಾಗಿ ತೋರುತ್ತಾನೆ. ಇಂತಹ ಸಂದರ್ಭದಲ್ಲಿ ಮತಗಟ್ಟೆಗೆ ಹೋಗಬೇಕೇ, ಮನೆಯಲ್ಲೇ ಕುಳಿತುಕೊಳ್ಳಬೇಕೇ, ಅಥವಾ ಗೆಲ್ಲಲಾರದ ಮೂರನೆಯವನಿಗೆ ಮತ ಹಾಕಿ ಮನಸ್ಸಾಕ್ಷಿಯನ್ನು ಸಮಾಧಾನಪಡಿಸಬೇಕೇ? ಈ ಪ್ರಶ್ನೆ ಪ್ರತಿಯೊಂದು ಚುನಾವಣೆಯಲ್ಲೂ ನಮ್ಮ ಮನೆಗಳಲ್ಲಿ, ಅಂಗಡಿ ಜಗಲಿಗಳಲ್ಲಿ ಕೇಳಿಬರುತ್ತದೆ. ಇಂದು ಇದೇ ಪ್ರಶ್ನೆಯನ್ನು ನಮಗೆ ನೇರ ಸಂಬಂಧವಿಲ್ಲದ ಒಂದು ಜನವರ್ಗದ ಅನುಭವದ ಮೂಲಕ ನೋಡಲು ನಾವು ಬಯಸುತ್ತೇವೆ. ಆ ವರ್ಗ ಅಮೇರಿಕದ ಬಂದೂಕುದಾರರದು. ಸ್ವಂತ ವಿಷಯದಲ್ಲಿ ಸಿಟ್ಟು, ಭಯ, ಅಭಿಮಾನಗಳು ಅಡ್ಡ ಬರುತ್ತವೆ. ಪರರ ವಿಷಯವಾದರೆ ಲೆಕ್ಕ ತುಸು ನಿಚ್ಚಳವಾಗಿ ಕಾಣಿಸುತ್ತದೆ.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಬಂದೂಕು ಸರಕಾರ ಕೊಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ನಮ್ಮ ರಾಜ್ಯದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಯು ಮನೆತನದ ಸಂಕೇತ. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇತ್ತು. ಆದರೂ ಅದು ಸರಕಾರ ಕೊಟ್ಟ ವಿನಾಯಿತಿಯೇ ಹೊರತು ಸಂವಿಧಾನದ ಹಕ್ಕಲ್ಲ. ಅಮೇರಿಕದಲ್ಲಾದರೋ 1791ರಲ್ಲಿ ಜಾರಿಗೆ ಬಂದ ಎರಡನೆಯ ತಿದ್ದುಪಡಿಯು ಶಸ್ತ್ರ ಹೊಂದುವುದನ್ನು ಜನರ ಹಕ್ಕೆಂದು ಸಂವಿಧಾನದಲ್ಲಿಯೇ ಬರೆದಿಟ್ಟಿದೆ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ನಡೆಸಿದ ಸಮೀಕ್ಷೆಯಂತೆ ಅಲ್ಲಿನ ವಯಸ್ಕರಲ್ಲಿ ಶೇ. 32 ಮಂದಿ ತಮ್ಮಲ್ಲಿ ಬಂದೂಕು ಇದೆ ಎಂದಿದ್ದಾರೆ. ನಮ್ಮಲ್ಲಿ ಚುನಾವಣೆ ಘೋಷಣೆಯಾದೊಡನೆ ಬೆಳೆ ರಕ್ಷಣೆಯ ಕೋವಿಯನ್ನೂ ಠಾಣೆಗೆ ಒಪ್ಪಿಸಿ ಬರಬೇಕೆಂದು ಮಲೆನಾಡಿನ ರೈತರು ಗೊಣಗುತ್ತಾರೆ. ಅಲ್ಲಿ ಬಂದೂಕೇ ಚುನಾವಣೆಯ ವಿಷಯವಾಗಿಬಿಡುತ್ತದೆ.

ನಾವು ಬಂದೂಕಿನ ಪರವಾಗಿ ಮಾತನಾಡಲು ನಿಂತಿಲ್ಲವೆಂಬುದು ಸ್ಪಷ್ಟವಿರಲಿ. 2022ರ ಒಂದೇ ವರ್ಷದಲ್ಲಿ ಆ ದೇಶದಲ್ಲಿ 48 ಸಾವಿರಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ. ಅದೇ ವರ್ಷ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿ ಎಂಬ ಪಟ್ಟಣದ ಶಾಲೆಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹತರಾದರು. ಬಂದೂಕುದಾರನ ಲೆಕ್ಕಾಚಾರದ ಕುರಿತು ಮಾತನಾಡುವಾಗ ಈ ಹೆಣಗಳನ್ನು ಬದಿಗಿಟ್ಟು ಮಾತನಾಡುವುದು ನಮ್ಮಿಂದ ಸಾಧ್ಯವಿಲ್ಲ. ಆದರೆ ಆತನನ್ನು ರಕ್ತಪಿಪಾಸುವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಪೆನ್ಸಿಲ್ವೇನಿಯಾದ ಜಿಂಕೆ ಬೇಟೆಗಾರ, ಪೋಲೀಸರು ಬರಲು ಒಂದು ಗಂಟೆ ಬೇಕಾಗುವ ಹಳ್ಳಿಯ ವಿಧವೆ, ರಾತ್ರಿ ಅಂಗಡಿ ಮುಚ್ಚುವ ವ್ಯಾಪಾರಿ - ಇವರೆಲ್ಲರೂ ಆ ವರ್ಗದಲ್ಲಿದ್ದಾರೆ. ತಮ್ಮ ಹಕ್ಕನ್ನು ಒಮ್ಮೆ ಕಳಕೊಂಡರೆ ಮತ್ತೆ ಸಿಗಲಾರದೆಂಬ ಭಯ ಅವರದು. ಆ ಭಯ ಎಂತಹದೆಂದು ಅಲ್ಪಸಂಖ್ಯಾತರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇವರ ಅತಿ ದೊಡ್ಡ ಸಂಘಟನೆ ನ್ಯಾಶನಲ್ ರೈಫಲ್ ಅಸೋಸಿಯೇಶನ್, ಅರ್ಥಾತ್ ಎನ್.ಆರ್.ಎ. 1871ರಲ್ಲಿ ಅಂತರ್ಯುದ್ಧದ ಮಾಜಿ ಅಧಿಕಾರಿಗಳು ಗುರಿಯಿಡುವ ತರಬೇತಿಗಾಗಿ ಕಟ್ಟಿದ ಸಂಘವದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಹತ್ಯೆಗಳ ಬಳಿಕ ಬಂದೂಕು ನಿಯಂತ್ರಣ ಕಾಯ್ದೆ ಬಂತು. 1977ರ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಳೆಯ ಮುಖಂಡರನ್ನು ಕೆಳಗಿಳಿಸಿ ಸಂಘವನ್ನು ರಾಜಕೀಯದ ಕಡೆಗೆ ತಿರುಗಿಸಿದರು. 1980ರಲ್ಲಿ ಅದು ಮೊತ್ತಮೊದಲ ಬಾರಿಗೆ ಒಬ್ಬ ಅಧ್ಯಕ್ಷೀಯ ಅಭ್ಯರ್ಥಿಯನ್ನು ಬೆಂಬಲಿಸಿತು. ಆ ಅಭ್ಯರ್ಥಿ ರೊನಾಲ್ಡ್ ರೇಗನ್.

ರೇಗನ್‌ರಾದರೂ ಕಳಂಕವಿಲ್ಲದ ಅಭ್ಯರ್ಥಿಯಾಗಿದ್ದರೇ? 1967ರಲ್ಲಿ ಅವರು ಕ್ಯಾಲಿಫೋರ್ನಿಯಾದ ಗವರ್ನರ್. ಓಕ್ಲೆಂಡ್ ನಗರದಲ್ಲಿ ಪೋಲೀಸರ ದೌರ್ಜನ್ಯದಿಂದ ಬೇಸತ್ತ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕರಿಯ ಯುವಕರು ಗುಂಡು ತುಂಬಿದ ಬಂದೂಕುಗಳನ್ನು ಬಹಿರಂಗವಾಗಿ ಹಿಡಿದು ಪೋಲೀಸ್ ವಾಹನಗಳನ್ನು ಹಿಂಬಾಲಿಸತೊಡಗಿದ್ದರು. ಆಗಿನ ಕಾನೂನು ಅದನ್ನು ತಡೆಯುತ್ತಿರಲಿಲ್ಲ. ಅದನ್ನು ತಡೆಯುವ ಮಸೂದೆ ಬಂದಾಗ ಮೇ 2ರಂದು ಅವರು ಬಂದೂಕು ಸಹಿತ ರಾಜಧಾನಿಯ ಶಾಸನ ಸಭೆಯ ಕಟ್ಟಡವನ್ನೇ ಪ್ರವೇಶಿಸಿದರು. ಜುಲೈ ತಿಂಗಳಲ್ಲಿ ರೇಗನ್ ಆ ಮಸೂದೆಗೆ ಸಹಿ ಹಾಕಿದರು. ಬಂದೂಕು ಹಿಡಿದ ಕೈಯ ಬಣ್ಣ ಬದಲಾದೊಡನೆ ಬಂದೂಕಿನ ಹಕ್ಕಿನ ವ್ಯಾಪ್ತಿಯೂ ಬದಲಾಯಿತು. 13 ವರ್ಷಗಳ ಬಳಿಕ ಬಂದೂಕುದಾರರ ಸಂಘವು ಇದೇ ವ್ಯಕ್ತಿಯನ್ನು ಹೆಗಲ ಮೇಲೆ ಹೊತ್ತುಕೊಂಡಾಗ ಈ ಸಹಿಯನ್ನು ಯಾರೂ ದೊಡ್ಡದು ಮಾಡಲಿಲ್ಲ.

ಅವರಿಗೆ ಸಿಕ್ಕಿದ್ದೇನು? 1986ರಲ್ಲಿ ರೇಗನ್ ಸಹಿ ಹಾಕಿದ ಕಾಯ್ದೆಯು 1968ರ ಹಲವು ನಿರ್ಬಂಧಗಳನ್ನು ಸಡಿಲಿಸಿತು. ಕೇಂದ್ರ ಸರಕಾರ ಬಂದೂಕುದಾರರ ಪಟ್ಟಿಯನ್ನು ಇಟ್ಟುಕೊಳ್ಳಬಾರದೆಂದು ಅದರಲ್ಲಿ ಬರೆಯಲಾಯಿತು. ಆದರೆ ಅದೇ ಕಾಯ್ದೆಗೆ ಕೊನೆ ಗಳಿಗೆಯಲ್ಲಿ ಸೇರಿಕೊಂಡ ಒಂದು ಕಲಮು ಹೊಸ ಮೆಶಿನ್‌ಗನ್‌ಗಳು ಜನಸಾಮಾನ್ಯರ ಕೈಸೇರದಂತೆ ಬಾಗಿಲು ಮುಚ್ಚಿತು. ಅಧಿಕಾರದಿಂದ ಇಳಿದ ಮೇಲೆ, 1991ರಲ್ಲಿ ಅವರು ಖರೀದಿದಾರರ ಪೂರ್ವಾಪರ ತಪಾಸಣೆಯ ಬ್ರಾಡಿ ಮಸೂದೆಯನ್ನು ಬಹಿರಂಗವಾಗಿ ಬೆಂಬಲಿಸಿದರು. ಬ್ರಾಡಿ ಎಂದರೆ 1981ರಲ್ಲಿ ರೇಗನ್‌ರ ಮೇಲೆ ಗುಂಡು ಹಾರಿದಾಗ ತಲೆಗೆ ಗುಂಡು ತಗಲಿ ಅಂಗವಿಕಲರಾದ ಅವರ ಮಾಧ್ಯಮ ಕಾರ್ಯದರ್ಶಿ. 1994ರಲ್ಲಿ ಯುದ್ಧಶೈಲಿಯ ರೈಫಲ್‌ಗಳ ನಿಷೇಧವನ್ನು ಬೆಂಬಲಿಸಿ ಫೋರ್ಡ್ ಮತ್ತು ಕಾರ್ಟರ್‌ರೊಂದಿಗೆ ಪತ್ರ ಬರೆದವರಲ್ಲಿಯೂ ರೇಗನ್ ಇದ್ದರು. ಆ ಮಸೂದೆ ಪ್ರತಿನಿಧಿ ಸಭೆಯಲ್ಲಿ ಪಾಸಾದದ್ದು 216 ವಿರುದ್ಧ 214 ಮತಗಳಿಂದ!

ಅವರ ಉತ್ತರಾಧಿಕಾರಿ ಹಿರಿಯ ಬುಶ್ ಎನ್.ಆರ್.ಎ.ಯ ಆಜೀವ ಸದಸ್ಯರು. 1988ರಲ್ಲಿ ಸಂಘ ಅವರ ಬೆನ್ನಿಗೆ ನಿಂತಿತು. 1989ರಲ್ಲಿ ಅವರೇ ವಿದೇಶೀ ಅರೆಸ್ವಯಂಚಾಲಿತ ರೈಫಲ್‌ಗಳ ಆಮದನ್ನು ನಿಷೇಧಿಸಿದರು. ಸಂಘ ಸಿಟ್ಟಾಯಿತು. 1992ರಲ್ಲಿ ಅದು ಯಾರನ್ನೂ ಬೆಂಬಲಿಸದೆ ಸುಮ್ಮನಿತ್ತು. ಬುಶ್ ಸೋತರು. ಸೋಲಿಗೆ ಆರ್ಥಿಕ ಕುಸಿತವೇ ಮುಖ್ಯ ಕಾರಣ ಎಂಬುದು ನಿಜ. ಆದರೆ ಗೆದ್ದು ಬಂದ ಕ್ಲಿಂಟನ್ 1993ರಲ್ಲಿ ಬ್ರಾಡಿ ಕಾಯ್ದೆಗೂ 1994ರಲ್ಲಿ ರೈಫಲ್ ನಿಷೇಧಕ್ಕೂ ಸಹಿ ಹಾಕಿದರು. ಅರೆಬರೆ ಮಿತ್ರನನ್ನು ಶಿಕ್ಷಿಸಹೊರಟವರು ಪೂರ್ಣ ವಿರೋಧಿಯನ್ನು ಎದುರುಗೊಂಡರು. ಆಗಿನಿಂದ ಇಂದಿನವರೆಗೆ, ಅಭ್ಯರ್ಥಿಯ ಕುರಿತು ಯಾರಾದರೂ ಮೂಗು ಮುರಿದೊಡನೆ ‘1992 ನೆನಪಿದೆಯೇ?’ ಎಂಬ ಧಾಟಿಯ ಎಚ್ಚರಿಕೆ ಕೇಳಿಬರುತ್ತದೆ.

ಆದರೆ ಕತೆ ಅಲ್ಲಿಗೇ ನಿಲ್ಲುವುದಿಲ್ಲ, ಹೆಚ್ಚಿನವರು ಮರೆಯುವುದು ಮುಂದಿನ ಭಾಗವನ್ನೇ. 1994ರ ನವೆಂಬರ್‌ನಲ್ಲಿ ಡೆಮಾಕ್ರಟರು ಪ್ರತಿನಿಧಿ ಸಭೆಯಲ್ಲಿ 54 ಸ್ಥಾನಗಳನ್ನು ಕಳಕೊಂಡರು. ಸ್ಪೀಕರ್ ಟಾಮ್ ಫೋಲಿಯವರೇ ಸ್ವಕ್ಷೇತ್ರದಲ್ಲಿ ಸೋತರು. ಬಂದೂಕಿನ ಮತಗಳು ಇದಕ್ಕೊಂದು ಕಾರಣವೆಂದು ಕ್ಲಿಂಟನ್ ಸ್ವತಃ ಒಪ್ಪಿಕೊಂಡರು. 2000ದಲ್ಲಿ ಅಲ್ ಗೋರ್ ತಮ್ಮ ತವರು ರಾಜ್ಯವಾದ ಟೆನೆಸ್ಸಿಯನ್ನೇ ಸೋತರು. ಅದೊಂದು ರಾಜ್ಯ ಕೈಹಿಡಿದಿದ್ದರೆ ಫ್ಲೋರಿಡಾದ 537 ಮತಗಳ ಅಂತರದ ರಗಳೆಯೇ ಬೇಕಾಗಿರಲಿಲ್ಲ, ಅವರು ಅಧ್ಯಕ್ಷರಾಗುತ್ತಿದ್ದರು. ಹೀಗೆ, ಅಧ್ಯಕ್ಷ ಪದವಿಗೆ ಯಾರನ್ನು ಕೂರಿಸಬೇಕೆಂಬ ಚರ್ಚೆಯಲ್ಲಿ ಮುಳುಗಿಹೋಗದೆ, ಸಂಸದರಿಂದ ಹಿಡಿದು ರಾಜ್ಯದ ಶಾಸಕರ ವರೆಗೆ ಪ್ರತಿಯೊಬ್ಬರ ಪ್ರತಿಯೊಂದು ಮತಕ್ಕೂ ಅಂಕ ಕೊಟ್ಟು ದಾಖಲಿಸಿಡುವ ಕೆಲಸವನ್ನು ಅವರು ಎಡೆಬಿಡದೆ ಮಾಡಿದರು. ನಮ್ಮ ಅಭಿಪ್ರಾಯದಲ್ಲಿ ಅವರ ಶಕ್ತಿಯ ಗುಟ್ಟು ಇಲ್ಲಿದೆ. ಚುನಾವಣೆಯ ಮುನ್ನಾದಿನ ತುಂಬಿ ತುಳುಕುವ ಸಮಾವೇಶಗಳಲ್ಲಿಲ್ಲ.

2008ರ ಜಾನ್ ಮೆಕೇನ್‌ರ ಪ್ರಸಂಗ ನಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ್ದು. ಮೆಕೇನ್ ಹೆಚ್ಚಿನ ವೇಳೆ ಬಂದೂಕಿನ ಪರವಾಗಿ ಮತ ಹಾಕಿದವರು. ಆದರೆ ಬಂದೂಕು ಸಂತೆಗಳಲ್ಲಿ ಮಾರಾಟವಾಗುವ ಶಸ್ತ್ರಗಳಿಗೂ ಪೂರ್ವಾಪರ ತಪಾಸಣೆ ಬೇಕೆಂದು 2000ದಲ್ಲಿ ಜಾಹೀರಾತಿನಲ್ಲಿ ಕಾಣಿಸಿಕೊಂಡವರೂ ಅವರೇ. 2002ರಲ್ಲಿ ಅವರ ಹೆಸರಲ್ಲಿ ಬಂದ ಚುನಾವಣಾ ನಿಧಿ ಕಾಯ್ದೆಯನ್ನು ಎನ್.ಆರ್.ಎ. ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನಿಸಿತ್ತು. ಎದುರಿಗೆ ಬರಾಕ್ ಒಬಾಮ. ಮೂರನೆಯದಾಗಿ ಲಿಬರ್ಟೇರಿಯನ್ ಪಕ್ಷದ ಬಾಬ್ ಬಾರ್, ಎನ್.ಆರ್.ಎ. ಆಡಳಿತ ಮಂಡಳಿಯ ಸದಸ್ಯರು! ಸಂಘದ ಸ್ವಂತ ಮನುಷ್ಯ ಕಣದಲ್ಲಿರುವಾಗ ಸಂಘ ಬೆಂಬಲಿಸಿದ್ದು ಮೆಕೇನ್‌ರನ್ನು. ಬಾರ್‌ರಿಗೆ ದೇಶವಿಡೀ ಸಿಕ್ಕಿದ್ದು ಸುಮಾರು 5 ಲಕ್ಷ 23 ಸಾವಿರ ಮತಗಳು. ಹೆಚ್ಚಿನ ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಪಡೆದವನಿಗೆ ಆ ರಾಜ್ಯದ ಎಲ್ಲ ಚುನಾಯಕ ಮತಗಳೂ ಸಲ್ಲುವ ಪದ್ಧತಿಯಲ್ಲಿ ಮೂರನೆಯವನಿಗೆ ಬಿದ್ದ ಮತ ಪ್ರತಿಭಟನೆಯ ದಾಖಲೆಯಾಗಿ ಉಳಿಯುತ್ತದೆ, ಅಷ್ಟೇ. ದಾಖಲೆಗೂ ಬೆಲೆಯಿದೆ ಎನ್ನುವವರಿದ್ದಾರೆ. ನಾವೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಮೆಕೇನ್ ಸೋತರು, ಒಬಾಮ ಗೆದ್ದರು. ಬಂದೂಕಿನ ಅಂಗಡಿಗಳಲ್ಲಿ ನೂಕುನುಗ್ಗಲು. ಆದರೆ ಮೊದಲ ಅವಧಿಯಲ್ಲಿ ಬಂದೂಕಿನ ಕುರಿತು ಒಬಾಮ ಸಹಿ ಹಾಕಿದ ಮುಖ್ಯ ಕಾನೂನು ಯಾವುದು ಗೊತ್ತೇ? ರಾಷ್ಟ್ರೀಯ ಉದ್ಯಾನಗಳೊಳಗೆ ಬಂದೂಕು ಒಯ್ಯಲು ಅನುಮತಿಸುವ ಕಾನೂನು. 2009ರ ಕ್ರೆಡಿಟ್ ಕಾರ್ಡ್ ಸುಧಾರಣಾ ಕಾಯ್ದೆಗೆ ಅದನ್ನು ಸಂಸದರು ಪೋಣಿಸಿಬಿಟ್ಟಿದ್ದರು. ಭಯಕ್ಕೂ ವಾಸ್ತವಕ್ಕೂ ಎಷ್ಟು ಅಂತರವಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. 2012ರ ಮಿಟ್ ರೋಮ್ನಿಯವರ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿ 2004ರಲ್ಲಿ ರೈಫಲ್ ನಿಷೇಧವನ್ನು ಕಾಯಂಗೊಳಿಸಿದವರು ಅವರು. 2006ರಲ್ಲಿ ಎನ್.ಆರ್.ಎ. ಸದಸ್ಯರಾದರು, 2012ರಲ್ಲಿ ಅದರ ಬೆಂಬಲವನ್ನೂ ಪಡೆದರು.

ಇಷ್ಟೆಲ್ಲ ಸಹಿಸಿಕೊಳ್ಳಲು ಕಾರಣವೇನು? ಉತ್ತರ ನ್ಯಾಯಾಲಯದಲ್ಲಿದೆ. ಅಮೇರಿಕದ ಅಧ್ಯಕ್ಷ ನಾಲ್ಕೋ ಎಂಟೋ ವರ್ಷ ಇರುತ್ತಾನೆ. ಆತ ನೇಮಿಸುವ ಸುಪ್ರೀಮ್ ಕೋರ್ಟ್ ನ್ಯಾಯಾಧೀಶರು ಜೀವನಪರ್ಯಂತ ಇರಬಲ್ಲರು. 2008ರ ಜೂನ್ 26ರಂದು ಹೆಲರ್ ಪ್ರಕರಣದಲ್ಲಿ ಕೋರ್ಟು ರಾಜಧಾನಿ ವಾಶಿಂಗ್ಟನ್ನಿನ ಕೈಬಂದೂಕು ನಿಷೇಧವನ್ನು ರದ್ದುಪಡಿಸಿ, ಬಂದೂಕು ಹೊಂದುವುದು ವ್ಯಕ್ತಿಯ ಸ್ವಂತ ಹಕ್ಕೆಂದು ಮೊದಲ ಬಾರಿಗೆ ಸಾರಿತು. ತೀರ್ಪು ಐವರು ವಿರುದ್ಧ ನಾಲ್ವರದು. ಆ ಐವರಲ್ಲಿ ಇಬ್ಬರನ್ನು ನೇಮಿಸಿದವರು ರೇಗನ್, ಒಬ್ಬರನ್ನು ಹಿರಿಯ ಬುಶ್, ಮತ್ತಿಬ್ಬರನ್ನು ಕಿರಿಯ ಬುಶ್. ಮೂವರ ಮೇಲೂ ಬಂದೂಕುದಾರರಿಗೆ ದೂರುಗಳಿದ್ದವು. ರೈಫಲ್ ನಿಷೇಧವನ್ನು ನವೀಕರಿಸುವ ಮಸೂದೆ ಬಂದರೆ ಸಹಿ ಹಾಕುವೆನೆಂದು ಕಿರಿಯ ಬುಶ್ ಕೂಡಾ ಹೇಳಿದ್ದರಲ್ಲ! ಮಸೂದೆ ಅವರ ಮೇಜಿಗೆ ಬರಲೇ ಇಲ್ಲ, 2004ರಲ್ಲಿ ನಿಷೇಧ ತಾನಾಗಿ ಮುಗಿಯಿತು. ಆದರೆ ಈ ಲೆಕ್ಕವೂ ಯಾವಾಗಲೂ ಸರಿಹೊಂದುವುದಿಲ್ಲ. ಹೆಲರ್ ತೀರ್ಪನ್ನು ವಿರೋಧಿಸಿದ ನಾಲ್ವರಲ್ಲಿ ಒಬ್ಬರು ಹಿರಿಯ ಬುಶ್ ನೇಮಿಸಿದ ಸೂಟರ್, ಇನ್ನೊಬ್ಬರು ರಿಪಬ್ಲಿಕನ್ ಅಧ್ಯಕ್ಷ ಫೋರ್ಡ್ ನೇಮಿಸಿದ ಸ್ಟೀವನ್ಸ್.

2016ರಲ್ಲಿ ನ್ಯಾಯಾಧೀಶ ಸ್ಕಾಲಿಯಾರ ಮರಣದಿಂದ ಒಂದು ಸ್ಥಾನ ತೆರವಾಗಿತ್ತು. ಡೊನಾಲ್ಡ್ ಟ್ರಂಪ್ 2000ದಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ರೈಫಲ್ ನಿಷೇಧವನ್ನು ಬೆಂಬಲಿಸಿದ್ದವರು. ಅವರ ಖಾಸಗಿ ಬದುಕಿನ ಕುರಿತು ಇಲ್ಲಿ ಹೇಳುವುದು ಅನಗತ್ಯ. ಎನ್.ಆರ್.ಎ. ಮೇ ತಿಂಗಳಲ್ಲೇ ಅವರನ್ನು ಬೆಂಬಲಿಸಿತು. 2018ರ ಫೆಬ್ರವರಿಯಲ್ಲಿ ಫ್ಲೋರಿಡಾದ ಪಾರ್ಕ್‌ಲೆಂಡ್ ಶಾಲೆಯಲ್ಲಿ 17 ಮಂದಿ ಹತರಾದ ಬಳಿಕ ಇದೇ ಟ್ರಂಪ್ ಟಿ.ವಿ. ಕ್ಯಾಮರಾಗಳ ಮುಂದೆ, ಅಪಾಯಕಾರಿ ವ್ಯಕ್ತಿಯ ಬಂದೂಕನ್ನು ಮೊದಲು ವಶಪಡಿಸಿಕೊಂಡು ಕಾನೂನಿನ ಪ್ರಕ್ರಿಯೆಯನ್ನು ಅನಂತರ ನೋಡಿಕೊಳ್ಳಬೇಕೆಂಬ ಅರ್ಥದ ಮಾತನ್ನಾಡಿದರು. ರೈಫಲ್ ಎಡೆಬಿಡದೆ ಸಿಡಿಯುವಂತೆ ಮಾಡುವ ‘ಬಂಪ್ ಸ್ಟಾಕ್’ ಎಂಬ ಜೋಡಣೆಯನ್ನು ಅವರ ಸರಕಾರ ನಿಷೇಧಿಸಿತು. ಒಬಾಮ ಇದನ್ನೇ ಮಾಡಿರುತ್ತಿದ್ದರೆ ಬೀದಿಗಿಳಿಯುತ್ತಿದ್ದ ಅನೇಕರು ಆಗ ಬಾಯಿ ಬಿಡಲಿಲ್ಲ. ಆದರೆ ಕೆಲವು ಬಂದೂಕುದಾರರು ಕೋರ್ಟಿಗೆ ಹೋದರು. 2024ರ ಜೂನ್‌ನಲ್ಲಿ ಸುಪ್ರೀಮ್ ಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಟ್ರಂಪ್ ನೇಮಿಸಿದ ಮೂವರೂ ಟ್ರಂಪ್ ಸರಕಾರದ ಆದೇಶದ ವಿರುದ್ಧವೇ ಮತ ಹಾಕಿದರು. ಅದಕ್ಕೂ ಮೊದಲು, 2022ರ ಜೂನ್ 23ರಂದು ಇದೇ ಮೂವರ ಬಲದಿಂದ ನ್ಯೂಯಾರ್ಕಿನ ನೂರು ವರ್ಷಕ್ಕೂ ಹಳೆಯ ಪರವಾನಗಿ ನಿಯಮ ಬಿದ್ದುಹೋಗಿತ್ತು. ಯುವಾಲ್ಡಿಯ ಮಕ್ಕಳನ್ನು ಮಣ್ಣು ಮಾಡಿ ಆಗ ಒಂದು ತಿಂಗಳೂ ಕಳೆದಿರಲಿಲ್ಲ. ಬಂದೂಕುದಾರನ ಲೆಕ್ಕ ಸರಿಹೊಂದಿತು. ಆ ಮಕ್ಕಳ ಹೆತ್ತವರ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯೋಣ?

ಇದೇ ಆಯ್ಕೆಯನ್ನು ಅಮೇರಿಕದ ಮುಸ್ಲಿಮರೂ ಎದುರಿಸಿದವರು ಎಂಬುದನ್ನು ಇಲ್ಲಿ ನೆನಪಿಸಬೇಕು. 2000ದ ಅಕ್ಟೋಬರ್‌ನಲ್ಲಿ ಪ್ರಮುಖ ಮುಸ್ಲಿಮ್ ಸಂಘಟನೆಗಳ ಒಕ್ಕೂಟವು ಕಿರಿಯ ಬುಶ್‌ರನ್ನು ಬೆಂಬಲಿಸಿತು. ವಲಸಿಗರ ವಿರುದ್ಧ ಗುಪ್ತ ಸಾಕ್ಷ್ಯ ಬಳಸುವ ಪದ್ಧತಿಯನ್ನು ಬುಶ್ ಟಿ.ವಿ. ಚರ್ಚೆಯಲ್ಲಿ ಟೀಕಿಸಿದ್ದುದೇ ಮುಖ್ಯ ಕಾರಣ. ಮರುವರ್ಷದ ಅಕ್ಟೋಬರ್‌ನಲ್ಲಿ ಅದೇ ಬುಶ್ ಪೇಟ್ರಿಯಟ್ ಕಾಯ್ದೆಗೆ ಸಹಿ ಹಾಕಿದರು. 2003ರಲ್ಲಿ ಇರಾಕ್ ಹೊತ್ತಿ ಉರಿಯಿತು. ಸೆಪ್ಟೆಂಬರ್ 11ರ ಘಟನೆಯನ್ನು ಯಾರು ತಾನೇ ಊಹಿಸಿದ್ದರು, ಗೋರ್ ಗೆದ್ದಿದ್ದರೆ ಬೇರೇನು ಆಗುತ್ತಿತ್ತು ಎಂದು ವಾದಿಸಬಹುದು. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಒಂದು ವ್ಯತ್ಯಾಸವಂತೂ ಕಣ್ಣಿಗೆ ರಾಚುತ್ತದೆ. ಮಾತು ತಪ್ಪಿದ ಅಧ್ಯಕ್ಷನ ಪಕ್ಷವನ್ನು ಮುಂದಿನ ಸಂಸತ್ ಚುನಾವಣೆಯಲ್ಲಿ ನಡುಗಿಸಬಲ್ಲ ಸಿದ್ಧತೆ ಬಂದೂಕುದಾರರಲ್ಲಿತ್ತು. ಮುಸ್ಲಿಮರಲ್ಲಿ ಇರಲಿಲ್ಲ. ಒಬ್ಬರ ಮತ ಬಡ್ಡಿ ಸಮೇತ ವಸೂಲಾಗುವ ಸಾಲವಾಗಿತ್ತು, ಇನ್ನೊಬ್ಬರದು ಕೊಟ್ಟು ಮರೆತ ಕಾಣಿಕೆಯಾಯಿತು.

ಹಾಗೆಂದು ಬಂದೂಕುದಾರರ ಸಂಘವನ್ನು ಮಾದರಿಯೆಂದು ಎತ್ತಿ ಹೇಳುವ ಧೈರ್ಯ ನಮಗಿಲ್ಲ. 2016ರ ಜುಲೈ 6ರಂದು ಮಿನ್ನೆಸೋಟಾದಲ್ಲಿ ಫಿಲಾಂಡೋ ಕ್ಯಾಸ್ಟೀಲ್ ಎಂಬ ಕರಿಯ ಯುವಕನ ಕಾರನ್ನು ಪೋಲೀಸರು ತಡೆದರು. ಆತ ಶಾಲೆಯೊಂದರ ಊಟದ ಮನೆಯ ನೌಕರ. ಆತನಲ್ಲಿ ಪರವಾನಗಿ ಇತ್ತು. ತನ್ನಲ್ಲಿ ಬಂದೂಕಿದೆ ಎಂದು ತಾನಾಗಿಯೇ ಪೋಲೀಸನಿಗೆ ವಿನಯದಿಂದ ತಿಳಿಸಿದ. ಮರುಕ್ಷಣ ಪೋಲೀಸನು ಆತನ ಮೇಲೆ ಗುಂಡು ಹಾರಿಸಿದ. ಕಾರಿನಲ್ಲಿ ಪುಟ್ಟ ಮಗುವೊಂದಿತ್ತು. ಬಂದೂಕುದಾರರ ಹಕ್ಕಿಗಾಗಿ ಕೋಟಿಗಟ್ಟಲೆ ಡಾಲರ್ ಸುರಿಯುವ ಎನ್.ಆರ್.ಎ. ಆತನ ಹೆಸರೆತ್ತದ ಒಂದು ಹೇಳಿಕೆ ಕೊಟ್ಟು ಸುಮ್ಮನಾಯಿತು. ಮರುವರ್ಷ ಆ ಪೋಲೀಸನು ಖುಲಾಸೆಗೊಂಡ. 1967ರ ಓಕ್ಲೆಂಡಿಗೂ 2016ರ ಮಿನ್ನೆಸೋಟಾಕ್ಕೂ ನಡುವೆ ಅರ್ಧ ಶತಮಾನ ಕಳೆದಿದೆ. ಹಕ್ಕನ್ನು ಸಂವಿಧಾನದಲ್ಲಿ ಬರೆದಿರುವುದೊಂದು, ಅದು ಯಾರ ಕೈಯಲ್ಲಿ ಹಕ್ಕಾಗಿ ಉಳಿಯುತ್ತದೆ ಎಂಬುದು ಇನ್ನೊಂದು. ತಮ್ಮ ಹಕ್ಕಿಗಾಗಿ ಅಭ್ಯರ್ಥಿಯ ನೂರು ತಪ್ಪುಗಳನ್ನು ಸಹಿಸುವವರು, ಅದೇ ಹಕ್ಕು ನೆರೆಯವನಿಗೆ ನಿರಾಕರಿಸಲ್ಪಟ್ಟಾಗ ಬಾಯಿ ಮುಚ್ಚಿದರೆ ಅವರು ಕಾಪಾಡಿದ್ದು ಹಕ್ಕನ್ನಲ್ಲ, ಸವಲತ್ತನ್ನು.

ಇನ್ನು 2024. ಮೇ 18ರಂದು ಡಲ್ಲಾಸ್‌ನಲ್ಲಿ ಎನ್.ಆರ್.ಎ. ಮೂರನೆಯ ಬಾರಿ ಟ್ರಂಪ್‌ರನ್ನು ಬೆಂಬಲಿಸಿತು. ಬಂದೂಕುದಾರರು ಮತ ಹಾಕಲು ಬರುವುದಿಲ್ಲವೆಂದು ಟ್ರಂಪ್ ಅಲ್ಲಿಯೇ ದೂರಿದರು. 12 ದಿನಗಳ ಬಳಿಕ ನ್ಯೂಯಾರ್ಕಿನ ಜ್ಯೂರಿ ಅವರನ್ನು 34 ಆರೋಪಗಳಲ್ಲಿ ದೋಷಿಯೆಂದಿತು. ಅಂತಹ ಅಪರಾಧದ ದೋಷಿ ಬಂದೂಕು ಇಟ್ಟುಕೊಳ್ಳುವಂತಿಲ್ಲವೆಂಬುದು ಅಲ್ಲಿನ ಕೇಂದ್ರ ಕಾನೂನು. ಬೆಂಬಲಿಸಿದ ಸಂಘದ ಸ್ಥಿತಿಯಾದರೂ ಹೇಗಿತ್ತು? ಅದನ್ನು ಮೂರು ದಶಕ ಆಳಿದ ವೇನ್ ಲಪಿಯೇರ್ ಸಂಘದ ಹಣವನ್ನು ದುರ್ಬಳಕೆ ಮಾಡಿದ್ದಾರೆಂದು ಅದೇ ವರ್ಷದ ಫೆಬ್ರವರಿಯಲ್ಲಿ ಜ್ಯೂರಿ ತೀರ್ಮಾನಿಸಿತ್ತು. 40 ಲಕ್ಷಕ್ಕೂ ಹೆಚ್ಚು ಡಾಲರ್ ಮರಳಿಸಬೇಕಾಯಿತು. ಎದುರಾಳಿ ಕಮಲಾ ಹ್ಯಾರಿಸ್ 2019ರಲ್ಲಿ ಯುದ್ಧಶೈಲಿಯ ರೈಫಲ್‌ಗಳನ್ನು ಕಡ್ಡಾಯವಾಗಿ ಹಿಂದಕ್ಕೆ ಪಡೆಯಬೇಕೆಂದವರು, 2024ರಲ್ಲಿ ಆ ಮಾತನ್ನು ಬಿಟ್ಟು ತಮ್ಮ ಬಳಿಯೂ ಪಿಸ್ತೂಲಿದೆ ಎಂದರು. ಇಂತಹ ಮಾತುಗಳಿಂದ ಮನಸ್ಸು ಬದಲಿಸಿದ ಬಂದೂಕುದಾರರು ಹೆಚ್ಚಿರಲಾರರು. ಟ್ರಂಪ್ ಗೆದ್ದರು.

ಗೆಲ್ಲಿಸಿದವರು ಪಟ್ಟಿ ಹಿಡಿದು ಬಾಗಿಲಿಗೆ ಬಂದರು. ಬಂದೂಕಿನ ಸದ್ದು ತಗ್ಗಿಸುವ ಸೈಲೆನ್ಸರ್ ಮತ್ತು ಗಿಡ್ಡ ನಳಿಗೆಯ ರೈಫಲ್‌ಗಳನ್ನು 1934ರ ಕಾಯ್ದೆಯ ನೋಂದಣಿಯಿಂದಲೇ ಕೈಬಿಡಬೇಕೆಂಬುದು ಅವರ ಬೇಡಿಕೆ. ಸೆನೆಟ್‌ನ ನಿಯಮಾವಳಿಗೆ ಸಿಕ್ಕಿ ಅದು ಅರ್ಧಕ್ಕೆ ನಿಂತಿತು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಮಹಾ ಮಸೂದೆಯಲ್ಲಿ ಉಳಿದದ್ದು ಇಷ್ಟು: 200 ಡಾಲರ್‌ಗಳ ತೆರಿಗೆ 2026ರ ಜನವರಿಯಿಂದ ಸೊನ್ನೆ, ನೋಂದಣಿ ಮಾತ್ರ ಹಾಗೆಯೇ. ಪಟಾಕಿ ಹಚ್ಚಿ ಮನೆಗೆ ಹೋಗುವ ಬದಲು, ಕೆಲವೇ ದಿನಗಳೊಳಗೆ ಬಂದೂಕುದಾರರ ಹಲವು ಸಂಘಗಳು ತಾವೇ ಗೆಲ್ಲಿಸಿದ ಸರಕಾರವನ್ನು ಪ್ರತಿವಾದಿಯನ್ನಾಗಿಸಿ ಟೆಕ್ಸಾಸ್‌ನ ನ್ಯಾಯಾಲಯದಲ್ಲಿ ದಾವೆ ಹೂಡಿದವು. ತೆರಿಗೆಯೇ ಇಲ್ಲವೆಂದ ಮೇಲೆ ತೆರಿಗೆಗಾಗಿ ಮಾಡಿದ ನೋಂದಣಿ ಯಾತಕ್ಕೆ ಎಂಬುದು ಅವರ ವಾದ.